ಮಾಳಮ್ಮನ ಮಾತು, ಸ್ಕಾಟ್ಲೆಂಡಿನ ಕೆಸರು

ಎರಡು ಗಂಟೆ ಇಪ್ಪತ್ತು ನಿಮಿಷ

ಎಡವಟ್ಟು ಶುರುವಾದದ್ದು ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ನನಗೆ ಹಸಿವಾಗಿತ್ತು. ಊಟಕ್ಕೆ ಕೂರುವುದು ಯಾವಾಗ ಎಂದು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ.

ಅದು ಸ್ಕಾಟ್ಲೆಂಡಿನ ಒಂದು ಬೋಳುಗುಡ್ಡದ ಇಳಿಜಾರು. ನೆತ್ತಿಯಿಂದ ಇಳಿದ ಮಂಜು ಆಗಲೇ ನಮ್ಮನ್ನು ಅರ್ಧ ಮುಚ್ಚಿತ್ತು. ಒಂಬತ್ತು ಜನ ಸಾಲಾಗಿ ನಿಂತಿದ್ದೆವು. ಎಲ್ಲರಿಗಿಂತ ಮುಂದೆ ನಕ್ಷೆ ಹಿಡಿದ ಟೋನಿ. ಲಂಡನ್ನಿನ ಹುಡುಗ, ಆ ದಿನ ತಂಡಕ್ಕೆ ಅವನೇ ನಾಯಕ. ಅವನ ಹಿಂದೆ ನಮ್ಮ ತರಬೇತುದಾರ ಡಂಕನ್. ಎಲ್ಲರಿಗಿಂತ ಹಿಂದೆ, ನನ್ನ ಜೊತೆ ಬಂದಿದ್ದ ಸೊರಬ ತಾಲ್ಲೂಕಿನ ಮಾಳಮ್ಮ. ನಮ್ಮೆದುರು ಭತ್ತದ ಸಸಿಮಡಿಯಷ್ಟು ಹಸಿರಾದ, ಸಮತಟ್ಟಾದ ಒಂದು ಪಟ್ಟಿ ಇತ್ತು. ಅದನ್ನು ದಾಟಿದರೆ ದಾರಿ ಎಂದು ಟೋನಿ ನಕ್ಷೆ ನೋಡಿ ಹೇಳಿದ.

ಮಾಳಮ್ಮ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: "ಅಕ್ಕೋರೆ, ಆ ಹಸಿರು ಹುಲ್ಲಲ್ಲ. ಗುಡ್ಡದ ತುಂಬ ಕುರಿ ಅದಾವೆ, ಅದ್ರ ಮ್ಯಾಲೆ ಮಾತ್ರ ಒಂದ್ ಹೆಜ್ಜೆ ಇಲ್ಲ, ಒಂದ್ ಹಿಕ್ಕೆ ಇಲ್ಲ. ಸುತ್ತು ಹಾಕಾಕೆ ಹೇಳ್ರಿ."

ಡಂಕನ್ ತಿರುಗಿ, ಅವಳೇನು ಹೇಳುತ್ತಿದ್ದಾಳೆ ಎಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ಉತ್ತರಿಸಿದೆ: "ಈ ಜಾಗ ತುಂಬ ಚೆನ್ನಾಗಿದೆ ಎನ್ನುತ್ತಿದ್ದಾಳೆ."

ಡಂಕನ್ ನಕ್ಕು ತಲೆಯಾಡಿಸಿದ. ಟೋನಿ ಹಸಿರಿನ ಮೇಲೆ ಕಾಲಿಟ್ಟ.

ಶಿಕಾರಿಪುರ

ನಾನು ಶಿಕಾರಿಪುರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನಮ್ಮದು ಪೇಟೆಯಲ್ಲಿ ಅಂಗಡಿ ಇಟ್ಟ ಮನೆ; ಗುಡ್ಡ ಹತ್ತುವುದೆಂದರೆ ನಮ್ಮಲ್ಲಿ ಹರಕೆ ಇದ್ದವರ ಕೆಲಸ. ಆದರೂ ವಿದ್ಯಾರ್ಥಿನಿಯರನ್ನು ವರ್ಷಕ್ಕೊಮ್ಮೆ ಚಾರಣಕ್ಕೆ ಕರೆದುಕೊಂಡು ಹೋಗುವ ಗೀಳು ನನಗಿತ್ತು. ಒಮ್ಮೆ ಅಂಬ್ಲಿಗೊಳದ ಹಿನ್ನೀರಿನ ಆಚೆ ಹದಿನಾಲ್ಕು ಹುಡುಗಿಯರೊಡನೆ ದಾರಿ ತಪ್ಪಿದೆ. ಆಗ ಕುರಿ ಮೇಯಿಸುತ್ತಿದ್ದ ಹೆಣ್ಣುಮಗಳೊಬ್ಬಳು ನಮ್ಮನ್ನೂ ಕುರಿಗಳನ್ನೂ ಒಟ್ಟಿಗೇ ಅಟ್ಟಿಕೊಂಡು ಬಸ್ಸಿನ ದಾರಿಗೆ ತಂದು ಬಿಟ್ಟಳು. ಅವಳೇ ಮಾಳಮ್ಮ. ಹೊಸಬಾಳೆಯ ಕಡೆಯವಳು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯ ಕುರಿಗಳನ್ನು ನೋಡಿಕೊಳ್ಳುತ್ತಿದ್ದಳು. ಆಮೇಲೆ ಅವಳಿಲ್ಲದೆ ನಾನು ಚಾರಣ ಹೋಗಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಸಂಸ್ಥೆ ಅಂಬ್ಲಿಗೊಳದ ದಂಡೆಯಲ್ಲಿ ಹಳ್ಳಿಯ ಹುಡುಗಿಯರಿಗಾಗಿ ಶಿಬಿರ ತೆರೆಯಲು ಹೊರಟಿತು. ಗುಡ್ಡ ಹತ್ತಿಸುವುದು, ತೆಪ್ಪ ನಡೆಸುವುದು, ಮಕ್ಕಳನ್ನು ಕಾಡಿಗೆ ಕರೆದೊಯ್ದು ಕ್ಷೇಮವಾಗಿ ತರುವುದು, ಇದನ್ನೆಲ್ಲ ಕಲಿಸುವ ನಾಯಕಿ ಬೇಕಿತ್ತು. ಅದಕ್ಕೆ ವಿದೇಶದ ಎರಡು ವಾರದ ತರಬೇತಿಯ ಸರ್ಟಿಫಿಕೇಟ್ ಕಡ್ಡಾಯ. ಅಲ್ಲಿಯತನಕ ಆ ತರಬೇತಿಗೆ ಹೋದವರೆಲ್ಲ ಬೂಟು ಮತ್ತು ಇಂಗ್ಲಿಷ್ ಎರಡೂ ಮನೆಯಲ್ಲೇ ಇದ್ದ ದೊಡ್ಡ ಊರಿನವರು. ಆ ವರ್ಷ ಮಾತ್ರ ಅರ್ಜಿ ಕರೆದ ಪತ್ರದಲ್ಲಿ ಹೊಸ ಸಾಲೊಂದಿತ್ತು: ಹಳ್ಳಿಯವರೂ ಅರ್ಜಿ ಹಾಕಬಹುದು, ಭಾಷೆ ಬಾರದಿದ್ದರೆ ಜೊತೆಗೊಬ್ಬರು ಬರಬಹುದು. ನಾನು ಮಾಳಮ್ಮನ ಹೆಸರು ಬರೆದು, ಜೊತೆಗೊಬ್ಬರು ಎಂಬಲ್ಲಿ ನನ್ನ ಹೆಸರು ಬರೆದೆ.

ಸಂಸ್ಥೆಯ ಹಿರಿಯರು ಅವಳ ಮುಂದೆಯೇ ಹೇಳಿದ್ದರು: ಸರ್ಟಿಫಿಕೇಟ್ ತಂದರೆ ಶಿಬಿರಕ್ಕೆ ನೀನೇ ನಾಯಕಿ, ತರದಿದ್ದರೆ ಬೇಸರ ಬೇಡ, ಅಡಿಗೆಗೆ ಜನ ಬೇಕೇ ಬೇಕು. ಮಾಳಮ್ಮ ನಗಲಿಲ್ಲ. ಹೊರಗೆ ಬಂದಮೇಲೆ, "ಅಕ್ಕೋರೆ, ನಾನು ಮಾಡಿದ ಸಾರು ನಮ್ಮನಿ ನಾಯಿನೂ ಉಣ್ಣಂಗಿಲ್ಲ. ಪಾಸಾಗ್ಲೇಬೇಕು," ಎಂದಳು.

ತರಬೇತಿ ಕೇಂದ್ರದವರು ತರಬೇಕಾದ ಸಾಮಾನಿನ ಪಟ್ಟಿ ಕಳಿಸಿದ್ದರು. ಅದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಥವಾದದ್ದು ಶಿಕಾರಿಪುರದಲ್ಲಿ ಸಿಗಲಿಲ್ಲ. ಮಳೆಗೆ ಹಾಕುವ ಪ್ಯಾಂಟನ್ನು ಪೇಟೆಯ ಟೇಲರು ರಾಶಿಯ ಮೇಲೆ ಹೊದಿಸುವ ನೀಲಿ ತಾಡಪಾಲಿನಲ್ಲಿ ಹೊಲಿದುಕೊಟ್ಟರು. ಹೆಣ್ಣುಮಕ್ಕಳಿಗೆ ಇಂಥದ್ದು ಹೊಲಿದದ್ದು ಮೊದಲ ಸಲ ಎಂದು ಅಳತೆ ತೆಗೆದುಕೊಳ್ಳುವಾಗ ಗೋಡೆ ನೋಡುತ್ತ ನಿಂತಿದ್ದರು. ಅಳತೆಯೂ ಹಾಗೇ ಬಂದಿತ್ತು. ನಡೆದರೆ ಇಬ್ಬರೂ ಬಾಳೆತೋಟಕ್ಕೆ ಗಾಳಿ ಹೊಕ್ಕ ಹಾಗೆ ಪರಪರ ಸದ್ದು ಮಾಡುತ್ತಿದ್ದೆವು.

ಪಟ್ಟಿಯಲ್ಲಿ ಇಲ್ಲದ ಒಂದು ವಸ್ತುವನ್ನು ಮಾಳಮ್ಮ ತಾನಾಗಿ ಸೇರಿಸಿದಳು: ಅವಳ ಕರಿ ಕಂಬಳಿ. ಭಾರ, ಬೇಡವೆಂದೆ. ಕಂಬಳಿ ಬಿಟ್ಟು ಗುಡ್ಡಕ್ಕೆ ಹೋದವರನ್ನು ತಾನು ಕಂಡಿಲ್ಲ ಎಂದಳು.

ಗುಡ್ಡದ ಕೆಳಗಿನ ಮನೆ

ತರಬೇತಿ ಕೇಂದ್ರ ಒಂದು ಉದ್ದನೆಯ ಸರೋವರದ ಪಕ್ಕದ ಕಲ್ಲಿನ ಮನೆ. ಅಲ್ಲಿಯ ಜನರ ಬಗ್ಗೆ ಮೊದಲು ಹೇಳಬೇಕಾದದ್ದು, ಅವರು ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ. ನಾವು ಅವರ ಕಾಲು ತುಳಿದರೆ ಅವರು ಕ್ಷಮೆ ಕೇಳುತ್ತಾರೆ. ಡಂಕನ್ ಒಮ್ಮೆ ಬಾಗಿಲಿಗೆ ಹಣೆ ಬಡಿಸಿಕೊಂಡು ಬಾಗಿಲಿಗೇ ಕ್ಷಮೆ ಕೇಳಿದ್ದನ್ನು ನಾನು ಕಂಡಿದ್ದೇನೆ. ಎರಡನೆಯದು, ಹವಾಮಾನ. ಜಿಟಿಜಿಟಿ ಮಳೆ ಹಿಡಿದಾಗ ಅವರು ಹೊರಗೆ ಬಂದು, ಎಂಥ ಒಳ್ಳೆಯ ದಿನ ಎನ್ನುತ್ತಾರೆ. ನಮ್ಮಲ್ಲಿ ಬಿಸಿಲನ್ನು ಬೈಯುವಷ್ಟೇ ಸಲೀಸಾಗಿ ಅವರು ಮಳೆಯನ್ನು ಹೊಗಳುತ್ತಾರೆ. ಜೂನ್ ತಿಂಗಳಾದ್ದರಿಂದ ರಾತ್ರಿ ಹತ್ತಾದರೂ ಬೆಳಕು. ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ ಮಾಳಮ್ಮ ಮೂರು ದಿನ ಕೈಮುಗಿಯುವುದನ್ನು ಮುಂದೂಡಿ, ನಾಲ್ಕನೇ ದಿನ ಊಟದ ಗಂಟೆ ಬಾರಿಸಿದಾಗ ಕೈಮುಗಿದುಬಿಟ್ಟಳು.

ಬೆಳಗಿನ ತಿಂಡಿಗೆ ಉಪ್ಪು ಹಾಕಿದ ಓಟ್ಸ್ ಗಂಜಿ. ಉಳಿದವರು ಮುಖ ಕಿವುಚಿದರೆ ಮಾಳಮ್ಮ, ಅಂಬಲಿಯ ತಂಗಿ ಇದು ಎಂದು ಎರಡು ಬಟ್ಟಲು ಹೊಡೆದಳು. ನನ್ನ ಶೇಂಗಾ ಚಟ್ನಿಪುಡಿ ಐದೇ ದಿನಕ್ಕೆ ಖಾಲಿಯಾಯಿತು. ಅದರ ಮುಕ್ಕಾಲು ಪಾಲು ತಿಂದವಳು ನಮ್ಮ ತಂಡದ, ಕೆನ್ಯಾದ ಶಾಲೆಯೊಂದರಲ್ಲಿ ಟೀಚರಾಗಿದ್ದ ಗ್ರೇಸ್.

ಮಾಳಮ್ಮನಿಗೆ ಹಿಡಿಸದೇ ಹೋದದ್ದು ಒಂದೇ: ಗುಡ್ಡದ ತುಂಬ ಕುರಿಗಳು, ಕಾಯುವವರೇ ಇಲ್ಲ. ಬೆನ್ನಿಗೆ ನೀಲಿ, ಕೆಂಪು ಬಣ್ಣದ ಗುರುತು ಹಾಕಿ ಬಿಟ್ಟುಬಿಟ್ಟಿದ್ದರು. ತನ್ನ ಊರಿನ ಕೂಗು ಹಾಕಿ ಒಂದು ಹಿಂಡನ್ನು ಕರೆದು ನೋಡಿದಳು. ಒಂದೂ ತಲೆ ಎತ್ತಲಿಲ್ಲ.

ಮೊದಲ ದಿನ ಡಂಕನ್ ಎಲ್ಲರನ್ನೂ ಸುತ್ತ ಕೂರಿಸಿ, ನಿಮ್ಮ ಗುರಿ ಏನು ಎಂದು ಕೇಳಿದ. ಮಾಳಮ್ಮ ಹೇಳಿದ್ದು: "ಇಷ್ಟು ಕುರಿ ಬಿಟ್ಟು ಮನ್ಯಾಗೆ ಕುಂತಾರಲ್ಲ, ಇವ್ರಿಗೆ ನಿದ್ದಿ ಹೆಂಗ್ ಬರ್ತೈತಿ ಕೇಳ್ರಿ." ನಾನು ಅನುವಾದಿಸಿದ್ದು: "ಇಲ್ಲಿಗೆ ಬಂದದ್ದು ಅವಳಿಗೆ ಬಹಳ ಸಂತೋಷ ತಂದಿದೆ."

ಅಲ್ಲಿಂದ ಅದೇ ಅಭ್ಯಾಸವಾಯಿತು. ತನ್ನ ನಕ್ಷೆ ಓದುವ ರೀತಿ ಹೇಗಿದೆ ಎಂದು ಟೋನಿ ಕೇಳಿದಾಗ ಮಾಳಮ್ಮ, ಕಾಗದ ನೋಡಿಕೊಂಡು ನಡೆಯುವವನು ಕಲ್ಲು ಎಡವುತ್ತಾನೆ ಎಂದಳು. ನಾನು, ಬಹಳ ಚೆನ್ನಾಗಿದೆ ಎಂದೆ. ಅವಳು ಹೇಳದ ಧನ್ಯವಾದಗಳನ್ನು ನಾನೇ ಸೇರಿಸಿದೆ. ಅವಳ ಮಾತಿನ ಮುಳ್ಳುಗಳನ್ನು ಕಿತ್ತು, ಮೇಲೆ ಸಕ್ಕರೆ ಉದುರಿಸಿ ಬಡಿಸಿದೆ. ಶಿಕಾರಿಪುರದಿಂದ ಬಂದ ಇಬ್ಬರನ್ನು ಯಾರೂ ಒರಟರು ಎನ್ನಬಾರದೆಂದು ನನಗೆ ಆಸೆ. ಅದು ಅವಳಿಗಾಗಿ ಮಾಡುವ ಉಪಕಾರ ಎಂದೇ ಅಂದುಕೊಂಡಿದ್ದೆ.

ಊಟದ ಕೋಣೆಯ ಗೋಡೆಯ ಮೇಲೆ ಅಂಕಗಳ ಹಾಳೆ ಇತ್ತು. ಮುಂದೆ ನಿಂತು ನಡೆಸುವುದು, ಗಟ್ಟಿ ದನಿಯಲ್ಲಿ ಸೂಚನೆ ಕೊಡುವುದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಹೀಗೆ ಕಾಲಮ್ಮುಗಳು. ಮಾಳಮ್ಮ ಯಾವಾಗಲೂ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು, ಮೆಲ್ಲಗೆ ಮಾತಾಡುತ್ತಿದ್ದಳು, ತಂದೆಯ ವಯಸ್ಸಿನ ಡಂಕನ್‌ನ ಮುಖ ನೋಡದೆ ಅವನ ಬೂಟು ನೋಡುತ್ತಿದ್ದಳು. ಎಂಟನೇ ದಿನಕ್ಕೆ ಏಳು ಜನರಲ್ಲಿ ಅವಳೇ ಏಳನೆಯವಳು. ಅಡಿಗೆಮನೆ ಹತ್ತಿರವಾಗುತ್ತಿತ್ತು.

ಒಂಬತ್ತನೇ ದಿನ

ಟೋನಿ ಎರಡು ಹೆಜ್ಜೆ ಸರಿಯಾಗಿಯೇ ಇಟ್ಟ. ಮೂರನೆಯದಕ್ಕೆ ಮೊಣಕಾಲು ಮುಳುಗಿತು. ಅವನು ನಕ್ಕ. ಕಾಲು ಕೀಳಲು ಇನ್ನೊಂದು ಕಾಲು ಊರಿದ. ಅದು ಸೊಂಟದವರೆಗೆ ಹೋಯಿತು. ಆಮೇಲೆ ನಗಲಿಲ್ಲ.

ಡಂಕನ್ ಹಗ್ಗ ಎಸೆದ. ಟೋನಿ ಹಗ್ಗ ಹಿಡಿದು ಒದ್ದಾಡಿದ, ನಾವು ಎಳೆದೆವು. ಎಳೆದಷ್ಟೂ ಅವನು ಕೆಳಗಿಳಿದ. ಹತ್ತಿರ ಹೋಗಲು ನೋಡಿದ ಡಂಕನ್ ತಾನೇ ಮೊಣಕಾಲವರೆಗೆ ಹೂತು ಹಿಂದಕ್ಕೆ ಬಂದ. ಕೆಸರು ಟೋನಿಯ ಎದೆಗೆ ಬಂತು. ಮಂಜಿನಲ್ಲಿ ಅವನ ಮುಖ ಮತ್ತು ಕೈಗಳಷ್ಟೇ ಬೆಳ್ಳಗೆ ಕಾಣುತ್ತಿದ್ದವು. ಈ ಜಾಗ ತುಂಬ ಚೆನ್ನಾಗಿದೆ, ಈ ಜಾಗ ತುಂಬ ಚೆನ್ನಾಗಿದೆ ಎಂದು ತಲೆಯೊಳಗೆ ನನ್ನದೇ ದನಿ ಓಡುತ್ತಿತ್ತು.

ಮಾಳಮ್ಮ ಚೀಲದಿಂದ ಕಂಬಳಿ ಎಳೆದಳು. ಎರಡು ಮಡಿಕೆ ಮಾಡಿ ಹಸಿರಿನ ಮೇಲೆ ಹಾಸಿ, ಹೊಟ್ಟೆಯ ಮೇಲೆ ಮಲಗಿ ಮುಂದಕ್ಕೆ ತೆವಳಿದಳು. ಬೇಸಿಗೆಯಲ್ಲಿ ಅಂಬ್ಲಿಗೊಳದ ನೀರು ಹಿಂದೆ ಸರಿದಾಗ ಹೂಳಿನಲ್ಲಿ ಕುರಿ ಸಿಕ್ಕಿಕೊಳ್ಳುತ್ತವೆ. ಅವನ್ನು ತೆಗೆಯುವುದು ಅವರ ಮನೆಯಲ್ಲಿ ಪ್ರತಿ ವರ್ಷದ ಕೆಲಸ. ಡಂಕನ್ ಅವಳ ಕಾಲು ಹಿಡಿದ, ಗ್ರೇಸ್ ಡಂಕನ್‌ನ ಸೊಂಟ ಹಿಡಿದಳು. ಮಾಳಮ್ಮ ತಲೆ ತಿರುಗಿಸದೆ ಕೂಗಿದಳು. ಅವಳ ಗಟ್ಟಿ ದನಿಯನ್ನು ಎಲ್ಲರೂ ಕೇಳಿದ್ದು ಅದೇ ಮೊದಲು.

"ಅಕ್ಕೋರೆ, ನಾ ಹೇಳಿದ್ದಷ್ಟೇ ಹೇಳ್ರಿ. ಹಂದಿ ಒದ್ದಾಡಿದಂಗೆ ಒದ್ದಾಡಬ್ಯಾಡ ಅನ್ರಿ. ಚಾಪಿ ಮ್ಯಾಲೆ ಒರಗಿದಂಗೆ ಹಿಂದಕ್ಕೆ ಒರಗು ಅನ್ರಿ. ಒಂದೇ ಕಾಲು ಆಡ್ಸು, ಮೆಲ್ಲಕೆ, ನೀರು ಒಳಗೆ ಹೋಗ್ಲಿ."

ನಾನು ಹೇಳಿದೆ. ಹಂದಿಯನ್ನೂ ಬಿಡಲಿಲ್ಲ, ಚಾಪೆಯನ್ನೂ ಬಿಡಲಿಲ್ಲ. ಟೋನಿ ಹಿಂದಕ್ಕೆ ಒರಗಿದ. ಮಾಳಮ್ಮ ಅವನ ಕಂಕುಳ ಕೆಳಗೆ ಹಗ್ಗ ತೂರಿಸಿದಳು. ಆಮೇಲೆ ಎಳೆಯುವುದು ಅವಳು ಹೇಳಿದಾಗ, ನಿಲ್ಲಿಸುವುದು ಅವಳು ಹೇಳಿದಾಗ. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಕೆಸರು ಅವನ ಕಾಲನ್ನು ಬಿಟ್ಟಾಗ 'ಪಚಕ್' ಎಂದು ಒಂದು ಸದ್ದಾಯಿತು. ಅವನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಣಬಟ್ಟೆ ಹಾಕಿಸಿ, ಚಹಾ ಕುಡಿಸಿ, ನಡುವೆ ಕೂರಿಸಿಕೊಂಡೆವು. ಮಾತು ಬಂದಮೇಲೆ ಅವನು ಮೊದಲು ಕೇಳಿದ್ದು, ಹಂದಿ ಎಂದದ್ದು ಅವಳೋ ನೀವೋ ಎಂದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನ ಒಂದು ಬೂಟು ಈಗಲೂ ಸ್ಕಾಟ್ಲೆಂಡಿನ ಹೊಟ್ಟೆಯಲ್ಲಿದೆ.

ನಾನು ಮಾತ್ರ ಮಾಳಮ್ಮನ ಮುಖ ನೋಡಿದೆ. ಅವಳು ನನ್ನ ಬೂಟು ನೋಡುತ್ತಿದ್ದಳು.

ಹತ್ತನೇ ದಿನ

ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಸದ್ದು. ಆದರೆ ನಿಜದಲ್ಲಿ ಟೋನಿಯ ಕಾಲು ಬಿಟ್ಟ ಕೆಸರು ಮುಚ್ಚಿದ ಕಣ್ಣೊಳಗೆ ಬಿಡುತ್ತಿರಲಿಲ್ಲ.

ಬೆಳಗ್ಗೆ ಗಂಜಿಯ ಮುಂದೆ ಡಂಕನ್ ಮಾಳಮ್ಮನನ್ನು ಹೊಗಳಿದ. ಅಪಾಯದ ಸುಳಿವು ಯಾರಿಗೂ ಇರಲಿಲ್ಲ, ತಪ್ಪು ತನ್ನದು ಎಂದ. ಆಗ ನಾನು ಎದ್ದು ನಿಂತೆ. ಸುಳಿವು ಒಬ್ಬಳಿಗೆ ಇತ್ತು, ಎರಡು ಇಪ್ಪತ್ತಕ್ಕೆ ಅವಳು ಹೇಳಿದ್ದಳು, ನಾನು ನುಂಗಿದೆ ಎಂದು ಎಲ್ಲವನ್ನೂ ಹೇಳಿದೆ. ಹೇಳುತ್ತ ಕನ್ನಡದಲ್ಲೂ ಹೇಳಿದೆ, ಮಾಳಮ್ಮನಿಗೆ ತಿಳಿಯಲೆಂದು.

ಟೋನಿ ಚಮಚ ಕೆಳಗಿಟ್ಟ. ಆಮೇಲೆ, ಹಾಗಾದರೆ ನನ್ನ ನಕ್ಷೆಯ ಬಗ್ಗೆ ಅವಳು ನಿಜವಾಗಿ ಏನೆಂದಳು ಎಂದು ಕೇಳಿದ. ಕಲ್ಲು ಎಡವುವ ಮಾತು ಹೇಳಿದೆ. ಒಬ್ಬೊಬ್ಬರಾಗಿ ಕೇಳತೊಡಗಿದರು. ಒಂಬತ್ತು ದಿನದ ಮಾತನ್ನೆಲ್ಲ ನಾನು ಮತ್ತೆ, ಮುಳ್ಳು ಸಮೇತ ಅನುವಾದಿಸಬೇಕಾಯಿತು. ಗ್ರೇಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಇಷ್ಟು ತಮಾಷೆಯ ಹೆಂಗಸಿನ ಜೊತೆ ಒಂಬತ್ತು ದಿನ ಇದ್ದೂ ಗೊತ್ತಾಗಲಿಲ್ಲವಲ್ಲ ಎಂದಳು.

ಮಾಳಮ್ಮ ನಗಲಿಲ್ಲ. ಕೋಣೆಗೆ ಬಂದಮೇಲೆ ಹೇಳಿದಳು: "ನನ್ ಬಾಯಿ ನಿಮ್ ಕೈಗೆ ಕೊಟ್ಟಿದ್ದೆ. ನನ್ ಮಾನ ಉಳಿಸ್ತೀನಿ ಅಂದ್ಕಂಡ್ರಿ. ನೀವು ಉಳಿಸ್ಕಂಡಿದ್ದು ನಿಮ್ದು, ಅಕ್ಕೋರೆ."

ಆ ದಿನವೆಲ್ಲ ಅವಳು ನನ್ನೊಡನೆ ಮಾತಾಡಲಿಲ್ಲ. ಟೋನಿಗೂ ಡಂಕನ್‌ಗೂ ಕೈಸನ್ನೆಯಲ್ಲಿ, ಹರಕು ಇಂಗ್ಲಿಷಿನಲ್ಲಿ ಬೇಕಾದ್ದನ್ನು ತಾನೇ ಹೇಳಿದಳು. ಅದೂ ಅರ್ಥವಾಗುತ್ತಿತ್ತು.

ಸಂಜೆ ಡಂಕನ್ ಅಂಕದ ಹಾಳೆಯ ಮುಂದೆ ಗಡ್ಡ ಕೆರೆಯುತ್ತ ನಿಂತಿದ್ದ. ಇದನ್ನು ಬರೆದದ್ದು ತಾನೇ, ಬರೆಯುವಾಗ ತನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ ಎಂದು ಕಾಣುತ್ತದೆ ಎಂದ. ನಿನ್ನ ಊರಿನಲ್ಲಿ ಕುರಿ ಕಾಯುವವರು ಎಲ್ಲಿ ನಡೆಯುತ್ತಾರೆ ಎಂದು ಮಾಳಮ್ಮನನ್ನು ಕೇಳಿದ. ಅವಳು ನನ್ನತ್ತ ನೋಡಿದಳು. ಹೇಳು ಎಂಬ ಅಪ್ಪಣೆ ಅದು.

"ಮುಂದಿನ ಕುರಿ ತಾನೇ ಹೋಗ್ತೈತಿ. ಕಳೆಯೋದು ಹಿಂದಿಂದು. ತಿಳಿದವ್ರು ಹಿಂದಿರ್ಬೇಕು."

ಒಂದಕ್ಷರ ಬಿಡದೆ ಹೇಳಿದೆ. ಮೂವತ್ತು ವರ್ಷದಿಂದ ಮುಂದೆ ನಡೆಯುತ್ತ, ಹಿಂದಿನವರನ್ನು ನೋಡಲು ತಿರುಗಿ ತಿರುಗಿ ತನ್ನ ಕತ್ತು ಹಿಡಿದುಕೊಂಡಿದೆ ಎಂದು ಡಂಕನ್ ಕತ್ತು ತಿಕ್ಕಿಕೊಂಡ. ಮುಂದೆ ನಿಂತು ನಡೆಸುವುದು ಎಂಬ ಮೊದಲ ಕಾಲಮ್ಮನ್ನು ಗೀಟೆಳೆದು ಹೊಡೆದುಹಾಕಿದ. ಕೆಳಗೆ ಹೊಸ ನಿಯಮ ಬರೆದ: ಯಾವುದೇ ಜಾಗ ದಾಟುವ ಮುಂಚೆ ಎಲ್ಲರಿಗಿಂತ ಹಿಂದಿರುವವರು ಮೊದಲು ಮಾತಾಡಬೇಕು. ಆದರೆ ಹಳೆಯ ಅಂಕ ಅಳಿಸುವುದು ತನ್ನ ಕೈಯಲ್ಲಿಲ್ಲ ಎಂದೂ ಹೇಳಿದ. ಹದಿಮೂರನೇ ದಿನದ ನಡಿಗೆಯನ್ನು ಮಾಳಮ್ಮನೇ ನಡೆಸಬೇಕು. ಪಾಸಾಗುವುದು ಬಿಡುವುದು ಅದರ ಮೇಲೆ.

ಹದಿಮೂರನೇ ದಿನ

ಅವಳು ಟೋನಿಯನ್ನು ಮುಂದೆ ಬಿಟ್ಟಳು, ಅವನ ಕೈಗೆ ನಕ್ಷೆ ಕೊಡದೆ. ತಾನು ಹಿಂದೆ ನಿಂತಳು. ಪ್ರತಿ ತೊರೆಯ ಹತ್ತಿರವೂ ಸಾಲು ನಿಲ್ಲುವುದು, ಹಿಂದಿನಿಂದ ಒಂದು ಮಾತು ಬರುವುದು, ಸಾಲು ಹೊರಡುವುದು. ಎಡ, ಬಲ, ನಿಲ್ಲು, ಸುತ್ತು ಎಂಬ ನಾಲ್ಕು ಕನ್ನಡ ಪದ ಎಲ್ಲರಿಗೂ ಬಾಯಿಪಾಠವಾಗಿದ್ದವು. ನನಗೆ ಕೆಲಸವೇ ಇರಲಿಲ್ಲ. ಮೂರು ಗಂಟೆಯ ಕಾಲ ಯಾರ ಕಾಲೂ ಒದ್ದೆಯಾಗಲಿಲ್ಲ.

ಆಮೇಲೆ ಎಡವುವ ಸರದಿ ಮಾಳಮ್ಮನದು. ಕುರಿ ನಡೆದ ಜಾಡು ಊರಿಗೇ ಹೋಗುತ್ತದೆ ಎಂಬ ಅವಳ ನಂಬಿಕೆ ಸೊರಬದಲ್ಲಿ ಎಂದೂ ಕೈಕೊಟ್ಟಿರಲಿಲ್ಲ. ಇಲ್ಲಿ ಆ ಜಾಡು ನಮ್ಮನ್ನು ನೇರವಾಗಿ ಒಂದು ಕಲ್ಲಿನ ಕುರಿದೊಡ್ಡಿಯೊಳಗೆ ಹೊಗಿಸಿತು. ಉಣ್ಣೆ ಕತ್ತರಿಸಲು ಕುರಿ ಕೂಡಿಹಾಕುತ್ತಿದ್ದ ಮುದುಕ ರೈತ, ಮಂಜಿನಲ್ಲಿ ಹಿಂಡಿನ ಕೊನೆ ಬಂತೆಂದು ತಿಳಿದು ನಮ್ಮ ಹಿಂದೆ ಗೇಟು ಹಾಕಿಬಿಟ್ಟ. ಅರವತ್ತು ಕುರಿ, ಒಂಬತ್ತು ಜನ. ತಾಡಪಾಲು ಪ್ಯಾಂಟಿನ ಸದ್ದಿಗೆ ಕುರಿಗಳು ಬೆದರಿ ಮೂಲೆ ಸೇರಿದವು. ಮುದುಕ ನಮ್ಮನ್ನು ಕಂಡು ಮೊದಲು ಕ್ಷಮೆ ಕೇಳಿದ, ಆಮೇಲೆ ಚಹಾ ಕೊಟ್ಟ.

ಮಾಳಮ್ಮನ ಮುಖ ಕಪ್ಪಿಟ್ಟಿತ್ತು. ಹಿಂದಿನವರು ಮೊದಲು ಮಾತಾಡಬೇಕಲ್ಲ, ದೊಡ್ಡಿಯಲ್ಲೇ ಮಾತಾಡಿದಳು: "ತಪ್ಪು ನಂದೇ. ಈ ಕುರಿ ಭಾಷೆ ಬ್ಯಾರೆ. ನಕ್ಷೆ ಕೇಳಬೇಕಿತ್ತು, ಕೇಳ್ಲಿಲ್ಲ." ನಾನು ಅದನ್ನೂ ಹಾಗೇ ಹೇಳಿದೆ, ಒಳ್ಳೆಯದು ಮಾಡಲು ಹೋಗಲಿಲ್ಲ.

ಡಂಕನ್ ಪುಸ್ತಕ ತೆಗೆದು ಬರೆದ. ಅವಳ ಸರ್ಟಿಫಿಕೇಟಿನ ಕೆಳಗೆ ಆ ಸಾಲು ಇಂದಿಗೂ ಇದೆ: ಉತ್ತೀರ್ಣ, ಒಂಬತ್ತು ಜನರನ್ನೂ ಕಾಲು ಒದ್ದೆಯಾಗದಂತೆ ತಂದರು, ತಪ್ಪಿದ ಜಾಗಕ್ಕೆ, ನಕ್ಷೆ ಓದುವುದನ್ನು ಕಲಿಯಬೇಕು. ಓದಿ ಹೇಳಿದಾಗ ಮಾಳಮ್ಮ ಕೇಳಿದಳು: "ಅಷ್ಟೇನಾ? ಸಕ್ರಿ ಏನೂ ಹಾಕಿಲ್ಲಾ?"

ಇಲ್ಲ ಎಂದೆ. ಆಗ ನಕ್ಕಳು. ನಾಲ್ಕು ದಿನದ ಮೇಲೆ ನನ್ನ ಕಡೆಗೆ ಬಂದ ಮೊದಲ ನಗು.

ಅಂಬ್ಲಿಗೊಳ

ಊರಿಗೆ ಬಂದರೂ ಕೆಸರು ನನ್ನ ಹಾಸಿಗೆಗೆ ಬರುವುದು ಬಿಡಲಿಲ್ಲ. ಮನೆಯಲ್ಲಿ ಲಿಂಬೆಹಣ್ಣು ನಿವಾಳಿಸಿದರು, ಹಾಲಿಗೆ ಗಸಗಸೆ ಹಾಕಿ ಕೊಟ್ಟರು. ಹಗಲು ನಗುತ್ತ ಪಾಠ ಮಾಡುತ್ತಿದ್ದೆ, ಹಂದಿಯ ಕಥೆ ಹೇಳಿ ಕ್ಲಾಸು ನಗಿಸುತ್ತಿದ್ದೆ. ರಾತ್ರಿ ಎಚ್ಚರವಾದರೆ ಟೋನಿಯ ಕೈಗಳು. ಐದು ತಿಂಗಳು ಹೀಗೇ ನಡೆಯಿತು.

ಡಿಸೆಂಬರಿನಲ್ಲಿ ಮೊದಲ ಶಿಬಿರ. ಮಾಳಮ್ಮ ಮಾಡಿದ ಸಾಮಾನಿನ ಪಟ್ಟಿಯಲ್ಲಿ ಮೂರೇ ಸಾಲು: ಹೊದಿಕೆ, ತಟ್ಟೆ, ಯಾವುದಾದರೂ ಚಪ್ಪಲಿ. ಉಳವಿಯಿಂದ, ಹೊಸಬಾಳೆಯಿಂದ, ಶಿಕಾರಿಪುರದಿಂದ ಬಸ್ಸಿನಲ್ಲಿ ಇಪ್ಪತ್ತಾರು ಹುಡುಗಿಯರು ಬಂದರು. ಅವರಲ್ಲಿ ಒಬ್ಬಳು ಉಳವಿಯ ಶಕೀಲಾ. ಪೋಲಿಯೋದಿಂದ ಎಡಗಾಲು ಸಣ್ಣ. ಅವಳನ್ನು ಟೆಂಟಿನ ಹತ್ತಿರ ಕೂರಿಸಿ ಸಾಮಾನು ಕಾಯಲು ಹೇಳೋಣವೇ ಎಂದು ನಾನು ಕೇಳಿದೆ. ಕೇಳಿ ನಾಲಿಗೆ ಕಚ್ಚಿಕೊಂಡೆ. ಮಾಳಮ್ಮ ಅವಳನ್ನು ಸಾಲಿನ ಕೊನೆಗೆ, ತನ್ನ ಪಕ್ಕ ನಿಲ್ಲಿಸಿದಳು. ಸಾಲು ನಡೆಯುವುದು ಶಕೀಲಾಳ ಹೆಜ್ಜೆಗೆ ಎಂದಳು.

ಎರಡನೇ ದಿನ ಹಿನ್ನೀರಿನ ಅಂಚಿನಲ್ಲಿ ಹೋಗುತ್ತಿದ್ದೆವು. ಮುಂದಿನ ಹುಡುಗಿಯರು ನೀರಿನ ಕಡೆ ಇಳಿಯಲು ಅವಸರ ಮಾಡುತ್ತಿದ್ದರು. ನಿಯಮದಂತೆ ಸಾಲು ನಿಂತಿತು. ಶಕೀಲಾ ತನ್ನ ಊರುಗೋಲನ್ನು ನೆಲಕ್ಕೆ ಒತ್ತಿ ನೋಡಿದಳು.

"ಅಕ್ಕ, ಇಲ್ಲಿ ಕೋಲು ಇಳೀತೈತಿ. ಅಲ್ಲಿ ಇನ್ನೂ ಮೆತ್ತಗಿರ್ತೈತಿ."

ಮೆಲ್ಲಗಿನ ದನಿ. ಆದರೂ ಇಪ್ಪತ್ತಾರು ಜನಕ್ಕೂ ಕೇಳಿತು. ಯಾರೂ ಅದನ್ನು ಇನ್ನೊಬ್ಬರಿಗೆ ತಿರುಗಿಸಿ ಹೇಳಬೇಕಾಗಲಿಲ್ಲ. ಸಾಲು ಸುತ್ತು ಹಾಕಿತು. ಮಾಳಮ್ಮ ನನ್ನ ಪಕ್ಕ ಹಾದು ಹೋಗುವಾಗ, "ಎರಡೂ ಇಪ್ಪತ್ತಾತೇನ್ರಿ ಅಕ್ಕೋರೆ?" ಎಂದಳು. ಗಡಿಯಾರ ನೋಡಿದೆ. ನಾಲ್ಕೂವರೆ ಆಗಿತ್ತು.

ಊಟ ಮಾಡಿ ಟೆಂಟಿನಲ್ಲಿ, ಇನ್ನೂ ಜೌಗು ವಾಸನೆ ಬಿಡದ ಆ ಕರಿ ಕಂಬಳಿಯ ಮೇಲೆ ಮೈ ಚಾಚಿದ್ದಷ್ಟೇ ನೆನಪು. ಮಾಳಮ್ಮ ಕಾಲು ತಟ್ಟಿ ಎಬ್ಬಿಸಿದಾಗ ಬಿಸಿಲು ಟೆಂಟಿನೊಳಗೆ ಬಂದಿತ್ತು. ಹೊರಗೆ ಹುಡುಗಿಯರು ಆಗಲೇ ಸುತ್ತ ಕೂತು, ನಿನ್ನೆಯ ದಿನದ ಬಗ್ಗೆ ದೂರು ಇದ್ದರೆ ಹೇಳುವ ಸಭೆ ಶುರು ಮಾಡಿದ್ದರು. ಹಿಂದಿನವರು ಮೊದಲು. ಶಕೀಲಾ ಎದ್ದು, ರಾತ್ರಿಯಿಡೀ ಟೀಚರು ಗರಗಸ ಎಳೆದ ಹಾಗೆ ಗೊರಕೆ ಹೊಡೆದು ಟೆಂಟಿನಲ್ಲಿ ಯಾರಿಗೂ ನಿದ್ದೆ ಬರಲಿಲ್ಲ ಎಂದಳು.

ಆ ವಾರ ಡಂಕನ್‌ಗೆ ಶಿಬಿರದ ವರದಿ ಕಳಿಸಬೇಕಿತ್ತು. ಮಾಳಮ್ಮ ಪಕ್ಕದಲ್ಲಿ ಕೂತು ಹೇಳಿದಳು, ನಾನು ಇಂಗ್ಲಿಷಿಗೆ ಇಳಿಸಿದೆ. ಮೊದಲ ದೂರು ಎಂಬಲ್ಲಿ ಗೊರಕೆಯ ವಿಷಯವನ್ನು, ಗರಗಸಕ್ಕೆ ಹೋಲಿಸಿದ್ದೂ ಸೇರಿ, ಹಾಗೇ ಬರೆದೆ.